ನಲವತ್ತು ಸೆಕೆಂಡು ನಿಂತ ಬೂಟು

೨೦೧೬ರ ಏಪ್ರಿಲ್ ೧೯, ಬೆಳಿಗ್ಗೆ ೧೦.೨೦. ಬೀದರ ನಗರದ ಠಾಣೆಯ ನಲ್ಲಿಗೆ ಮೂರು ದಿನದಿಂದ ನೀರಿಲ್ಲ. ಪಿಎಸ್‌ಐ ಗೋರಖನಾಥ ಮುಖ ತೊಳೆಯದೆಯೇ ದೂರು ಓದತೊಡಗಿದ. ಓಟ ಕಲಿಯುವ ಹುಡುಗಿಯರ ವಸತಿನಿಲಯದ ತರಬೇತುದಾರೆ ಎಸ್ತರ ಎದುರಿಗೆ ಕುಳಿತಿದ್ದಳು.

ಭಾಲ್ಕಿ ಸಮೀಪದ ಹಳ್ಳಿಯ ಹದಿನಾಲ್ಕರ ಸಲೋಮಿ ಮೋಸದಿಂದ ಆಯ್ಕೆಯಾಗಿದ್ದಾಳೆ ಎಂಬುದು ದೂರು. ಸೀಟು ಸಿಕ್ಕವಳಿಗೆ ಊಟ, ಶಾಲೆ ಎರಡೂ ಉಂಟು. ಸಿಗದಿದ್ದರೆ ಈ ಬರದಲ್ಲಿ ಅವ್ವನ ಬೆನ್ನು ಹತ್ತಿ ಹೈದರಾಬಾದಿಗೆ ಹೋಗಿ ಇಟ್ಟಿಗೆ ಹೊರಬೇಕು.

"ಇದಕ್ಕೂ ಎಫ್‌ಐಆರ್ ಬೇಕೇನ್ರಿ?"

"ನನಗ ಬ್ಯಾಡಾಗಿತ್ರಿ ಸಾಹೇಬರ. ಕಮಿಟಿಯವರು ಬಿಡವಲ್ರು. ಸೀಟು ತಪ್ಪಿದ ಹುಡುಗಿ ಮನಿಯವರು ಗೇಟಿನ ಮುಂದ ಕುಂತಾರ."

ಹೆಡ್ ಕಾನ್‌ಸ್ಟೇಬಲ್ ಶರಫೋದ್ದೀನ ವಂಚನೆಯ ಕಲಂ ೪೧೯, ೪೨೦ ಎಂದು ಬರೆದುಕೊಂಡ. ಎಸ್ತರ ಅಂಗಿಯ ಗುಂಡಿಯಷ್ಟು ಚಿಕ್ಕ ಸಾಧನವೊಂದನ್ನು ಮೇಜಿನ ಮೇಲಿಟ್ಟಳು.

"ಇದನ್ನ ಬೂಟಿನ ಲೇಸಿಗೆ ಸಿಗಸ್ತೀವ್ರಿ. ಕಾಲು ಎಷ್ಟು ರಭಸದಿಂದ ಮುಂದ ಹೋತು, ಎಷ್ಟು ಹೊತ್ತು ನೆಲಕ್ಕ ಹತ್ತಿತ್ತು ನೋಡಿ ಒಂದೊಂದು ಹೆಜ್ಜಿ ಅಳೀತದ. ಹೆಜ್ಜಿ ಕೂಡಿಸಿದ್ರ ದೂರ. ಅದನ್ನ ಹೊತ್ತಿನಿಂದ ಭಾಗಿಸಿದ್ರ ವೇಗ. ಎಲ್ಲಾ ಕೈಗಡಿಯಾರದಾಗ ಕಾಣ್ತದ. ಹದಿನೈದು ದಿನ ಹುಡುಗ್ಯಾರ ಮನಿಗಿ ಕೊಟ್ಟು ಕಳಸಿದ್ವಿ. ಅದರ ಲೆಕ್ಕ ನೋಡೇ ಆಯ್ಕೆ ಮಾಡಿದ್ವಿ."

"ಎಲ್ಲಿ ಓಡ್ಯಾರಂತ ಹೇಳ್ತದೇನು?"

"ಇಲ್ರಿ. ಅದಕ್ಕ ಊರು ಗೊತ್ತಿಲ್ಲ, ಕಾಲಷ್ಟ ಗೊತ್ತು."

"ಯಾರ ಕಾಲಂತ?"

"ಅದೂ ಇಲ್ರಿ."

ಭಲೇ ಯಂತ್ರ! ಗೋರಖನಾಥನಿಗೆ ನಗು ಬಂತು, ನಗುವಷ್ಟು ತ್ರಾಣವಿರಲಿಲ್ಲ. ದಾಖಲೆಯ ಪ್ರಕಾರ ಐದು ಕಿಲೋಮೀಟರಿಗೆ ಇಪ್ಪತ್ತೆರಡು ನಿಮಿಷ. ಆದರೆ ಆಯ್ಕೆಯಾದ ಮೇಲೆ ವಸತಿನಿಲಯದ ಮೈದಾನದಲ್ಲಿ ಸಲೋಮಿ ಎರಡನೇ ಸುತ್ತಿಗೇ ಏದುಸಿರು ಬಿಟ್ಟು ಕುಳಿತುಬಿಟ್ಟಿದ್ದಳು.

ಅವನು ದಿನಕ್ಕೊಂದರಂತಿದ್ದ ದಾಖಲೆಯ ಹದಿನೈದು ಹಾಳೆಗಳನ್ನೂ ತಿರುವಿದ. ದಿನವೂ ೩.೧ ಕಿಲೋಮೀಟರಿಗೆ ಓಟ ನಲವತ್ತು ಸೆಕೆಂಡು ನಿಂತಿತ್ತು.

"ದಣದು ನಿಂತಿರಬೇಕು."

"ನಿಂತವರ ಕಾಲು ಚೂರರೆ ಅಲಗ್ತದ್ರಿ. ಇದು ಕಲ್ಲಿನಂಗ ಅದ. ಬೂಟಿನಾಗ ಕಾಲೇ ಇಲ್ಲ," ಎಂದಳು ಎಸ್ತರ.

ಓಡುವವಳು ನಡುದಾರಿಯಲ್ಲಿ ಬೂಟು ಯಾಕೆ ಬಿಚ್ಚುತ್ತಾಳೆ? ಗೋರಖನಾಥನಿಗೆ ಕಮಠಾಣದ ತನ್ನ ತಾಯಿ ನೆನಪಾದಳು. ಬುದ್ಧವಿಹಾರ ಎದುರಾದರೆ ಸಾಕು, ತಲೆಯ ಮೇಲೆ ಹೊರೆಯಿದ್ದರೂ ಚಪ್ಪಲಿ ಬಿಟ್ಟು ಕೈ ಮುಗಿದೇ ಮುಂದೆ ಹೋಗುವವಳು. ಸಲೋಮಿಯ ಮನೆಯವರಾದರೋ ಚರ್ಚಿಗೆ ಹೋಗುವವರು.

ಏಪ್ರಿಲ್ ೨೦, ಬೆಳಿಗ್ಗೆ ೯.೧೫. ಸಲೋಮಿಯ ಬಾಗಿಲಿನಿಂದ ಜೀಪು ಹೊರಟಿತು. ದಾರಿಯಲ್ಲಿ ವಿಹಾರ ಸಿಕ್ಕಾಗ ಜೀಪಿನ ಮೀಟರು ೩.೩ ತೋರಿಸಿತು. ಎಸ್ತರ ಹೇಳಿದಂತೆ, ಯಂತ್ರಕ್ಕೆ ಮೊದಲ ದಿನ ಮೈದಾನದಲ್ಲಿ ಸಲೋಮಿಯ ಗಿಡ್ಡ ಹೆಜ್ಜೆಯನ್ನು ಅಳತೆಯಾಗಿ ಕಲಿಸಿದ್ದರು. ಓಡಿದವಳ ಹೆಜ್ಜೆ ಅದಕ್ಕಿಂತ ಉದ್ದ, ಅದಕ್ಕೇ ಅದು ಇನ್ನೂರು ಮೀಟರು ಕಡಿಮೆ ಎಣಿಸಿತ್ತು. ಗೋರಖನಾಥ ಊರಿನ ಇಬ್ಬರನ್ನು ಪಂಚರಾಗಿ ಕರೆದು ಪಂಚನಾಮೆ ಬರೆಸಿದ.

ತಿರುಗಿ ಬಂದಾಗ ಸಲೋಮಿ ಬಾಗಿಲಲ್ಲೇ ನಿಂತಿದ್ದಳು.

"ಯಾರು ಓಡಿದ್ರವ್ವ?"

ಹುಡುಗಿ ಅತ್ತುಬಿಟ್ಟಳು. "ಬಾಜೂ ಮನಿ ಕಾಂತಕ್ಕ ರೀ."

ನೆರೆಮನೆಯ ಕಾಂತಾಬಾಯಿಗೆ ಇಪ್ಪತ್ತೇಳು ವರ್ಷ. ಎರಡು ದಿನದ ಹಿಂದೆಯೇ ತವರೂರು ಔರಾದಿಗೆ ಹೋಗಿದ್ದಳು. ಸಂಜೆ ೪.೪೦ಕ್ಕೆ ಔರಾದ ಬಸ್ ನಿಲ್ದಾಣದಲ್ಲಿ, ಗಂಟು ಕಟ್ಟಿಕೊಂಡು ನಾಂದೇಡ ಬಸ್ಸು ಕಾಯುತ್ತಿದ್ದವಳನ್ನು ಮಹಿಳಾ ಪೇದೆ ಠಾಣೆಗೆ ಕರೆತಂದಳು. ಕಾಂತಾಬಾಯಿ ತಕರಾರು ಮಾಡಲಿಲ್ಲ.

"ಆ ನಲವತ್ತು ಸೆಕೆಂಡು ನೀ ನಿಲ್ಲದಿದ್ರ ನಾ ಬರ್ತಿದ್ದಿಲ್ಲ," ಎಂದ ಗೋರಖನಾಥ.

"ಬುದ್ಧನ ಮುಂದ ಬೂಟು ಹಾಕ್ಕೊಂಡು ಹ್ಯಾಂಗ ಓಡಲ್ರಿ ಸಾಹೇಬರ?"

ಗೋರಖನಾಥ ಪೆನ್ನಿನ ಮುಚ್ಚಳ ತೆಗೆದ. "ಯಾಕ ಮಾಡಿದಿ?"

"ಮೊದಲ ದಿನ ಆಕಿ ಸಲುವಾಗ್ರಿ. ಕೂಸು ಇಟ್ಟಂಗಿ ಹೊರೋದು ಬ್ಯಾಡ ಅಂತ." ಅವಳು ಗಂಟನ್ನು ಮಡಿಲಿಗೆ ಎಳೆದುಕೊಂಡಳು. "ಆಮ್ಯಾಗ ನನ್ನ ಸಲುವಾಗ್ರಿ. ಸಲೋಮಿ ದಿನಾ ಗಡಿಯಾರ ನೋಡಿ ಹೇಳ್ತಿದ್ಲು, ಕಾಂತಕ್ಕ, ನಿನ್ನೀಕಿಂತ ಜೋರು ಓಡಿದಿ ಅಂತ. ಸಾಲಿ ಬಿಡಿಸಿ ಲಗ್ನ ಮಾಡಿದ ಮ್ಯಾಗ ನನಗ ಓಡಂದವರೇ ಇಲ್ರಿ."

ಗೋರಖನಾಥ ಬಂಧನದ ಕಾಗದ ಮುಂದಿಟ್ಟ. ಅವಳು ಸಹಿ ಹಾಕಿ ತಲೆ ಎತ್ತಿದಳು.

"ಆಕಿ ಸೀಟು?"

"ಹೋತು."

ಅಲ್ಲಿಯವರೆಗೆ ಗಟ್ಟಿಯಾಗಿದ್ದವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ವರದಿಯಲ್ಲಿ ಅಪರಾಧದ ಕಾರಣವನ್ನು ಬರೆಯುವಲ್ಲಿ ಗೋರಖನಾಥ ಬಹಳ ಹೊತ್ತು ಪೆನ್ನು ಹಿಡಿದು ಕೂತ. ಕೊನೆಗೆ, ಆರೋಪಿಗೆ ಓಡುವ ಆಸೆ ಇತ್ತು ಎಂದು ಬರೆದ.

ಶರಫೋದ್ದೀನ ಇಣುಕಿ ನೋಡಿದ. "ಕೋರ್ಟಿನಾಗ ಇದು ನಡೀತದೇನ್ರಿ ಸಾಬ್?"

"ನಡೀದಿದ್ರ ಬಿಡು. ಖರೇ ಅದ."

ಸೋಮವಾರ ಸಲೋಮಿ ಅವ್ವನ ಜೊತೆ ಹೈದರಾಬಾದ್ ಬಸ್ಸು ಹತ್ತಿದಳು.