ಕೇಳುವ ಮೊದಲೇ ಬೇಡ

ಏಣಿಯ ಮೇಲಿದ್ದ ಪೇಂಟರ್ ತಿರುಗಿ ನೋಡಿದ. ಅವಳ ಕೈಯಲ್ಲಿದ್ದ ಅಳತೆ ಟೇಪು ಸರ್ರನೆ ಡಬ್ಬಿಯೊಳಕ್ಕೆ ಓಡಿಹೋಯಿತು.

ಮೂರು ದಿನದಿಂದ ಮಾತು ಬಿಟ್ಟ ಗಂಡ, ಯಾರದೋ ಹೊಸ ಮನೆಯ ಖಾಲಿ ಕೋಣೆಯಲ್ಲಿ, ಹುಬ್ಬಿನ ತನಕ ಗುಲಾಬಿ ಬಣ್ಣ ಮೆತ್ತಿಕೊಂಡು ಹೀಗೆ ಎದುರಾದರೆ ಯಾವ ಹೆಂಡತಿ ತಾನೆ ಏನು ಮಾಡಿಯಾಳು? ಅವನನ್ನು ಕೆಲಸಕ್ಕೆ ಕಳಿಸಿದ್ದು ಕಂಟ್ರಾಕ್ಟರ್. ಅವಳನ್ನು ಕಿಟಕಿಗಳ ಅಳತೆಗೆ ಕಳಿಸಿದ್ದು ಬಟ್ಟೆ ಅಂಗಡಿಯವರು. ಮಾತು ಇದ್ದಿದ್ದರೆ ಬೆಳಿಗ್ಗೆಯೇ ಗೊತ್ತಾಗಿರುತ್ತಿತ್ತು.

"ಇವರು ಕರ್ಟನ್ ಹೊಲಿಯೋರು, ಇವರು ಪೇಂಟರ್," ಎಂದರು ಮನೆಯೊಡತಿ. ಅವರು ಹಲ್ಲಿನ ಡಾಕ್ಟರ್. ಮಾತಾಡುವಾಗಲೂ ಎದುರಿನವರ ಬಾಯನ್ನೇ ನೋಡುತ್ತಿದ್ದರು. "ಮೊದಲೇ ಹೇಳಿಬಿಡ್ತೀನಿ. ಹಿಂದಿನ ಮೇಸ್ತ್ರಿ ತನ್ನ ಭಾವಮೈದ, ಷಡ್ಕ, ಅತ್ತಿಗೆಯ ತಮ್ಮ ಎಲ್ಲರನ್ನೂ ಕರ್ಕೊಂಡು ಬಂದ. ಕೆಲಸಕ್ಕಿಂತ ನೆಂಟಸ್ತನವೇ ಜಾಸ್ತಿ ಆಯ್ತು. ಇನ್ಮೇಲೆ ನೆಂಟರಿಷ್ಟರು ಅಂತ ಗೊತ್ತಾದ್ರೆ ಒಬ್ಬರನ್ನ ವಾಪಸ್ ಕಳಿಸ್ತೀನಿ. ನಿಮಗಿಬ್ಬರಿಗೂ ಪರಿಚಯ ಇಲ್ಲ ತಾನೆ?"

"ಇಲ್ಲ," ಎಂದಳು ಅವಳು.

"ಇಲ್ಲಾ ಮೇಡಂ," ಎಂದ ಏಣಿಯ ಮೇಲಿನವನು.

ಮೂರು ದಿನಗಳಲ್ಲಿ ಗಂಡ ಹೆಂಡತಿ ಒಮ್ಮತಕ್ಕೆ ಬಂದ ಮೊದಲ ಮಾತು ಅದು.

ಹಾಗೆಂದು ಅವರ ನಡುವೆ ದೊಡ್ಡ ಜಗಳವೇನೂ ಆಗಿರಲಿಲ್ಲ. ಅವರದು ಬಾಡಿಗೆಯ ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯಲ್ಲಿ ಅತ್ತೆ, ಮಗಳು, ಹೊಲಿಗೆ ಮಷೀನು ಮತ್ತು ಅವರಿಬ್ಬರು. ಸ್ವಂತ ಮನೆಯೊಂದರ ಮೊದಲ ಕಂತಿಗೆಂದು ಮದುವೆಯಾದ ವರ್ಷದಿಂದಲೂ ಕೂಡಿಡುತ್ತಿದ್ದರು. ಆ ಮನೆ ಒಂದು ಹೆಜ್ಜೆ ಹತ್ತಿರ ಬಂದಿತು ಎನ್ನುವಷ್ಟರಲ್ಲಿ ಅತ್ತೆಯ ಮಂಡಿನೋವು, ಮಗಳ ಶೂ, ಗ್ಯಾಸ್ ಸಿಲಿಂಡರ್ ಎಲ್ಲ ಸೇರಿ ಅದನ್ನು ಎರಡು ಹೆಜ್ಜೆ ಹಿಂದಕ್ಕೆ ತಳ್ಳುತ್ತಿದ್ದವು.

ಅದಕ್ಕೇ ಒಂದು ಒಪ್ಪಂದ ಮಾಡಿಕೊಂಡಿದ್ದರು. ಏನೇ ಕೊಳ್ಳುವುದಿದ್ದರೂ ಇನ್ನೊಬ್ಬರನ್ನು ಕೇಳಬೇಕು. ಒಬ್ಬರು 'ಬೇಡ' ಅಂದರೆ ಅಲ್ಲಿಗೆ ಮುಗಿಯಿತು, ಯಾಕೆ ಏನು ಎಂಬ ಪ್ರಶ್ನೆಯಿಲ್ಲ. ಶುರುವಿನಲ್ಲಿ ಅದೊಂದು ಆಟ. ಅವನು ಬೇಕೆಂದೇ ಕುದುರೆ ಕೊಳ್ಳೋಣವಾ ಎಂದು ಕೇಳುವನು, ಅವಳು ಗಂಭೀರವಾಗಿ ಬೇಡ ಎನ್ನುವಳು, ಇಬ್ಬರೂ ನಗುವರು. ಆಮೇಲಾಮೇಲೆ ನಗು ಉದುರಿಹೋಗಿ ಬೇಡ ಮಾತ್ರ ಉಳಿಯಿತು.

ಮೂರು ದಿನದ ಹಿಂದೆ ಅವಳು ಮುಗಿದುಹೋದ ಟೂತ್‌ಪೇಸ್ಟಿನ ಹೊಟ್ಟೆಯನ್ನು ಕತ್ತರಿಯಿಂದ ಸೀಳುತ್ತಿದ್ದಳು. ಅವನು ಅಡುಗೆಮನೆಯ ಬಾಗಿಲಿಗೆ ಒರಗಿ, "ಕೇಳೇ, ಈ ಭಾನುವಾರ..." ಎಂದು ಶುರುಮಾಡಿದ.

"ಬೇಡ," ಎಂದಳು, ತಲೆಯೆತ್ತದೆ.

"ನಾನು ಕೇಳ್ತಿರೋದು ಏನು ಅಂತ ಗೊತ್ತಾ?"

"ಏನಾದ್ರೇನು? ಈ ತಿಂಗಳು ಆಗಲ್ಲ."

ಅವನು ಹಾಗೇ ತಿರುಗಿ ಹೊರಗೆ ಹೋದ. ಗಾಜು ಒಡೆದ ಫೋನಿಗೆ ಬದಲು ಹೊಸದು ಕೇಳಲು ಬಂದಿದ್ದನೆಂದೇ ಅವಳು ಅಂದುಕೊಂಡಳು. ಅಲ್ಲಿಂದ ಇತ್ತ ಅವನು ಏನನ್ನೂ ಕೇಳಲಿಲ್ಲ. ಉಪ್ಪು ಬೇಕಾದರೆ ಎದ್ದು ತಾನೇ ಹಾಕಿಕೊಂಡ.

ಡಾಕ್ಟರಮ್ಮನ ಫೋನು ಹೊಡೆದುಕೊಂಡಿತು. "ಯಾರದ್ದೋ ಹಲ್ಲಿನ ಕ್ಯಾಪ್ ಕಿತ್ತು ಬಂದಿದೆಯಂತೆ. ಹೋಗಿ ಬಂದುಬಿಡ್ತೀನಿ," ಎನ್ನುತ್ತ ಹೊರಟರು. ಬಾಗಿಲು ಟಕ್ ಎಂದು ಮುಚ್ಚಿಕೊಂಡಿತು.

ಅವಳು ಬಾಗಿಲನ್ನೇ ನೋಡಿದಳು. ಬಾಗಿಲೊಂದು ಮುಚ್ಚಿಕೊಂಡು, ಒಳಗೆ ತಾವಿಬ್ಬರೇ ಉಳಿದು ಎಷ್ಟು ಕಾಲವಾಗಿತ್ತು!

ಅವನು ರೋಲರ್ ಆಡಿಸುತ್ತಲೇ ಇದ್ದ. ಡಾಕ್ಟರಮ್ಮ ಆರಿಸಿದ್ದು ಆರೋಗ್ಯವಂತ ಒಸಡಿನ ಗುಲಾಬಿ ಬಣ್ಣ. ಕಿಟಕಿಯ ಬೆಳಕು ಆ ಹಸಿ ಗೋಡೆಗೆ ಬಿದ್ದು ಅವನ ಮುಖಕ್ಕೆ ಚಿಮ್ಮುತ್ತಿತ್ತು. ಕಿವಿಯ ಹಿಂದೆ ಒಂದೆರಡು ನರೆಗೂದಲು ಕಂಡವು. ಇವು ಯಾವಾಗ ಬಂದವು? ಅಂಗೈಯಗಲದ ಮನೆಯಲ್ಲಿದ್ದೂ ತಾನು ನೋಡಲಿಲ್ಲವಲ್ಲ.

"ಪೇಂಟರ್ ಅವರೇ," ಎಂದಳು ಗಂಟಲು ಸರಿಮಾಡಿಕೊಂಡು, "ಏಣಿ ಸ್ವಲ್ಪ ಸರಿಸ್ತೀರಾ? ಕಿಟಕಿ ಅಳೀಬೇಕು."

ರೋಲರ್ ನಿಂತಿತು. ತುಟಿಯ ಒಂದು ಮೂಲೆ ಮಾತ್ರ ನಕ್ಕಿತು. ಆ ಮೂಲೆ ಅವಳಿಗೆ ಹಳೆಯ ಪರಿಚಯ. "ಅಪ್ಪಣೆ ಟೇಲರಮ್ಮ," ಎಂದು ಇಳಿದು ಏಣಿ ಸರಿಸಿ ಮತ್ತೆ ಹತ್ತಿದ.

ಏಣಿ ಅಲ್ಲಾಡಿತು. ಅವಳ ಕೈ ತಾನಾಗಿಯೇ ಹೋಗಿ ಹಿಡಿದುಕೊಂಡಿತು.

"ಯಾರೋ ಗೊತ್ತಿಲ್ಲದವರ ಏಣಿ ಹಿಡೀತೀರಲ್ಲ, ನಿಮ್ಮ ಯಜಮಾನರು ಏನೂ ಅನ್ಕೊಳಲ್ವಾ?"

"ಅವರಿಗೆ ಅನ್ಕೊಳೋದೇ ಕೆಲಸ. ಬಾಯಿ ಬಿಟ್ಟು ಹೇಳಲ್ಲ."

"ಏನು ಮಾಡ್ಕೊಂಡಿದ್ದಾರೆ?"

"ಪೇಂಟರ್. ಜನರ ಗೋಡೆಗೆಲ್ಲ ಬಣ್ಣ ಹಚ್ಚಿ, ಮನೆಗೆ ಬರುವಾಗ ತಮ್ಮ ಮುಖ ಮಾತ್ರ ಸುಣ್ಣ ಉದುರಿದ ಗೋಡೆ ಥರ ಮಾಡ್ಕೊಂಡು ಬರ್ತಾರೆ."

ಮೇಲಿನಿಂದ ಕೆಮ್ಮಿದ ಸದ್ದು. ನಗು ಮುಚ್ಚಿಕೊಳ್ಳುವ ಕೆಮ್ಮು.

"ನಿಮ್ಮನೆಯವರು?" ಎಂದು ಅವಳು ಕೇಳಿದಳು. 'ನಿಮ್ಮ' ಎನ್ನುವಾಗ ನಾಲಿಗೆ ಮೇಲೆ ಏನೋ ಹೊಸ ರುಚಿ. ಮದುವೆಗೆ ಮುಂಚೆ ಅವನನ್ನು ಹಾಗೆ ಕರೆಯುತ್ತಿದ್ದಳು.

"ಹೊಲೀತಾಳೆ. ಭಾಳ ಜಾಣೆ. ಹಾಸಿಗೆ ಇದ್ದಷ್ಟೂ ಅಲ್ಲ, ಅದಕ್ಕಿಂತ ಗೇಣುದ್ದ ಕಮ್ಮಿಯೇ ಕಾಲು ಚಾಚೋಳು. ಕೈ ಬಿಗಿ."

"ಕೈ ಬಿಗಿ ಇದ್ರೆ ತಪ್ಪೇನು?"

"ತಪ್ಪಲ್ಲ, ನಾನೂ ಜುಗ್ಗನೇ. ಈಗೀಗ ನಾಲಿಗೇನೂ ಬಿಗಿ ಮಾಡ್ಕೊಂಡಿದ್ದಾಳೆ, ಅದೇ ಕಷ್ಟ. ಎಲ್ಲಾ ಮಾತೂ ಎಲ್ಲೋ ಜಮಾ ಮಾಡಿಟ್ಟು, ಖರ್ಚಿಗೆ ಅಂತ ಒಂದೇ ಒಂದು ಇಟ್ಕೊಂಡಿದ್ದಾಳೆ."

ಯಾವುದು ಎಂದು ಅವಳು ಕೇಳಲಿಲ್ಲ. ಏಣಿಯ ಮರವನ್ನು ಉಗುರಿನಿಂದ ಕೆರೆದಳು. "ನೀವು ಏನೋ ದುಬಾರಿದು ಕೇಳಿರ್ತೀರಿ."

"ಭಾನುವಾರ ನಾವಿಬ್ಬರೇ ಸುಮ್ನೆ ನಡ್ಕೊಂಡು ಹೋಗಿ ಬರೋಣ್ವಾ ಅಂತ ಕೇಳೋಕೆ ಹೋಗಿದ್ದೆ."

ರೋಲರಿನಿಂದ ಒಂದು ಹನಿ ನೆಲಕ್ಕೆ ಬಿತ್ತು.

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಮಗಳನ್ನ ಅಮ್ಮನ ಹತ್ರ ಬಿಟ್ಟು, ಈ ರಸ್ತೆ ಹಿಡಿದು ಹೋಗಿ, ಆ ರಸ್ತೆ ಹಿಡಿದು ಬರೋದು."

"ಎಷ್ಟಾಗ್ತಿತ್ತು?" ಕೇಳಿದ ಮೇಲೆ ನಾಚಿಕೆಯಾಯಿತು. ಬಾಯಿಗೆ ಬಂದಿದ್ದು ಅದೇ ಪ್ರಶ್ನೆ.

"ಏನೂ ಇಲ್ಲ," ಎಂದ. "ಅದಕ್ಕೇ ಧೈರ್ಯ ಮಾಡಿ ಕೇಳಿದ್ದು."

"ಇನ್ನೊಂದ್ಸಲ ಕೇಳ್ಬಾರದಿತ್ತಾ?"

"ಪೂರ್ತಿ ಕೇಳಿಸ್ಕೊಂಡು ಬೇಡ ಅಂದ್ಬಿಟ್ರೆ? ಆಗ ಏನ್ಮಾಡ್ಲಿ?"

ಅವಳು ಕಿಟಕಿಯ ಕಡೆ ತಿರುಗಿದಳು. ಯಾರದೋ ಕಿಟಕಿ. ಯಾರದೋ ಆಕಾಶ ಕಾಣುತ್ತಿತ್ತು. ಎಷ್ಟೊಂದು ಕೋಣೆಗಳಿಗೆ ಪರದೆ ಹೊಲಿದಿದ್ದಳು, ಒಳಗಿನವರು ಹೊರಗಿನವರಿಗೆ ಕಾಣದಿರಲೆಂದು. ತಾನೂ ಅವನೂ ಒಬ್ಬರಿಗೊಬ್ಬರು ಕಾಣದ ಹಾಗೆ ಯಾವಾಗ ಹೊಲಿದುಬಿಟ್ಟಳೋ.

"ನಿಮ್ಮ ಹೆಂಡತಿ ಪರವಾಗಿ ನಾನೊಂದು ಮಾತು ಹೇಳ್ಲಾ?" ಎಂದಳು, ಕಿಟಕಿಗೇ ಹೇಳುವಂತೆ. "ಅವಳಿಗೆ ಒಂದು ಭಯ. ಒಂದ್ಸಲ ಬೇಕು ಅಂದ್ರೆ ಆಮೇಲೆ ಎಲ್ಲಾ ಬೇಕು ಅನ್ಸುತ್ತೆ. ಆಗ ನಿಲ್ಸೋರು ಯಾರು? ಅದಕ್ಕೇ ಮುಂಚೇನೇ ಬೇಡ ಅಂದ್ಬಿಡ್ತಾಳೆ."

"ಏನೇನು ಬೇಕಂತೆ ಅವಳಿಗೆ?"

"ಒಂದು ಬಾಗಿಲು. ಒಳಗಿಂದ ಚಿಲಕ ಇರೋದು." ಅವಳ ದನಿ ಇಳಿಯಿತು. "ಆ ಬಾಗಿಲ ಈಚೆ ಗಂಡ ಇರ್ಬೇಕು. ಅವನು ಮಾತಾಡ್ಬೇಕು. ಮಗು ನಿದ್ದೆಯಲ್ಲಿ ಹೊರಳಿದ್ರೆ ಬೆಚ್ಚಿಬೀಳದೆ ಅವಳು ಕೇಳಿಸ್ಕೋಬೇಕು. ಮನೆ ಬೇಕಾಗಿದ್ದು ಇದಕ್ಕೇ ಅಲ್ವಾ? ಯಾತಕ್ಕೆ ಅನ್ನೋದನ್ನೇ ಮರೆತು ಕೂಡಿಡ್ತಾ ಇದ್ದಾಳೆ, ಪೆದ್ದಿ."

ಏಣಿ ಕಿರುಗುಟ್ಟಿತು. ಅವನು ಒಂದೊಂದೇ ಮೆಟ್ಟಿಲು ಇಳಿದು ಬಂದು ಎದುರು ನಿಂತ. ಅವಳ ಕಣ್ಣಿನ ಕೆಳಗೆ ಜಾರುತ್ತಿದ್ದುದನ್ನು ಹೆಬ್ಬೆರಳಿನಿಂದ ಒರೆಸಿದ. ಹೊರಗಿನ ರಸ್ತೆಯಲ್ಲಿ ಯಾವುದೋ ಗಾಡಿ ಹಾರ್ನ್ ಹೊಡೆಯಿತು. ಇಬ್ಬರೂ ಕದಲಲಿಲ್ಲ.

"ಪೆದ್ದಿ ಅಂತ ನಮ್ಮೋಳನ್ನ ಬೈಬೇಡಿ ಟೇಲರಮ್ಮ," ಎಂದ ಮೆಲ್ಲಗೆ. "ನನಗೆ ಕೋಪ ಬರುತ್ತೆ."

ಅಷ್ಟರಲ್ಲಿ ಬಾಗಿಲು ತೆರೆಯಿತು. ಇಬ್ಬರೂ ಬೆಂಕಿ ತಾಗಿದವರಂತೆ ದೂರ ಸರಿದರು.

ಡಾಕ್ಟರಮ್ಮ ಗೋಡೆ ನೋಡಿದರು. ಆಮೇಲೆ ಹುಳುಕು ಹಲ್ಲು ಹುಡುಕುವವರ ಹಾಗೆ ಅವಳ ಮುಖ ನೋಡಿದರು. "ಗೋಡೆ ಅರ್ಧವೂ ಮುಗಿದಿಲ್ಲ. ಟೇಲರಮ್ಮನ ಕೆನ್ನೆಗೆ ಮಾತ್ರ ಒಂದು ಕೋಟ್ ಆಗಿದೆ."

"ಅದು ಮೇಡಂ, ಅವರು ಗೋಡೆಗೆ ತಾಗಿ..." ಎಂದು ಅವನು ತೊದಲಿದ.

ಅವಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಈ ಕೋಣೆಯ ಜೊತೆ ದೊಡ್ಡ ಹಾಲಿನ ಕರ್ಟನ್ನೂ ಸೇರಿ, ಈ ವರ್ಷ ಸಿಕ್ಕ ಎಲ್ಲಕ್ಕಿಂತ ದೊಡ್ಡ ಕೆಲಸ. ಆದರೆ ಅವನ ಪರಿಚಯ ಇಲ್ಲ ಎಂದು ಒಂದೇ ದಿನ ಎರಡನೇ ಸಲ ಹೇಳಲು ಅವಳಿಗೆ ಮನಸ್ಸು ಬರಲಿಲ್ಲ.

"ಇವರು ನನ್ನ ಗಂಡ, ಮೇಡಂ. ಆಗ ಸುಳ್ಳು ಹೇಳಿದೆ."

"ನೆಂಟರನ್ನ ಒಟ್ಟಿಗೆ ಬಿಡೋದಿಲ್ಲ ಅಂದಿದ್ದು ಇದಕ್ಕೇ," ಎಂದರು ಡಾಕ್ಟರಮ್ಮ, ಗೋಡೆಯತ್ತ ಕೈ ತೋರಿಸಿ. "ಈ ಕೋಣೆಯ ಕರ್ಟನ್ ನೀವೇ ಹೊಲೀರಿ, ಅಳತೆ ಆಗಿದ್ರೆ. ಹಾಲ್‌ದು ಬೇರೆಯವರಿಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ, ಹೇಳಿದ ಮಾತು ಹೇಳಿದ ಮಾತೇ."

ಅಳತೆ ಆಗಿರಲಿಲ್ಲ. ಅವಳು ಟೇಪು ತೆಗೆದಳು. ಅವನು ಇನ್ನೊಂದು ತುದಿ ಹಿಡಿದುಕೊಂಡ.

ಸಂಜೆ ಇಬ್ಬರೂ ಬಸ್ ಸ್ಟಾಪಿಗೆ ಬಂದಾಗ ದಾರಿದೀಪಗಳು ಹತ್ತಿಕೊಳ್ಳುತ್ತಿದ್ದವು. ಹಾಲ್ ಕರ್ಟನ್ ಕೈತಪ್ಪಿತ್ತು. ಮನೆ ಮತ್ತೊಂದು ಹೆಜ್ಜೆ ಹಿಂದೆ ಸರಿದಿತ್ತು. ಅದು ಅವಳಿಗೆ ಚುಚ್ಚುತ್ತಲೇ ಇತ್ತು, ಚುಚ್ಚುವುದಿಲ್ಲ ಎಂದರೆ ಸುಳ್ಳಾದೀತು.

"ನಿನಗೆ ಏನು ಬಂದಿತ್ತು, ಹಂಗೆ ಹೇಳ್ಬಿಟ್ಟೆ?" ಎಂದ ಅವನು.

"ಗೊತ್ತಿಲ್ಲ. ಬಾಯಿಗೆ ಬೀಗ ಹಾಕಿ ಹಾಕಿ ಸಾಕಾಗಿತ್ತು."

ಬಸ್ಸು ಬಂದು ನಿಂತಿತು. ಸೀಟುಗಳು ಖಾಲಿ. "ಬೆಳಗಿನಿಂದ ನಿಂತೇ ಇದ್ದೀಯ. ಬಸ್ಸಿಗೆ ಹೋಗೋಣ್ವಾ?" ಎಂದು ಕೇಳಿದ.

ಅವಳು ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡಳು. ಅವನ ಮುಖ ನೋಡಿದಳು. ಕಿವಿಯ ಹಿಂದಿನ ನರೆ ನೋಡಿದಳು.

"ಬೇಡ," ಎಂದಳು, ಮತ್ತು ಅವನ ಕೈ ಹಿಡಿದು ನಡೆಯತೊಡಗಿದಳು.

ಬಸ್ಸು ಅವರನ್ನು ದಾಟಿ ಹೋಯಿತು. ಇಬ್ಬರೂ ಅಂಗಡಿ ಸಾಲು ದಾಟಿದರು.

"ಹಂಗಾದ್ರೆ ಭಾನುವಾರದ್ದು?" ಎಂದ ಕೊನೆಗೆ.

"ಅದು ಬೇರೆ, ಇದು ಬೇರೆ. ಇದನ್ನ ಅದರಲ್ಲಿ ವಜಾ ಮಾಡ್ಕೋಬೇಡ, ಜುಗ್ಗ."

ಅವನು ರಸ್ತೆಯಲ್ಲೇ ಗಟ್ಟಿಯಾಗಿ ನಕ್ಕುಬಿಟ್ಟ. ಅವಳ ಕೆನ್ನೆಯ ಮೇಲೆ ಆ ಗುಲಾಬಿ ಬಣ್ಣ ಒಣಗಿ ಚರ್ಮವನ್ನು ಹಿಡಿದು ಎಳೆಯುತ್ತಿತ್ತು. ಮನೆ ತಲುಪುವವರೆಗೂ ಅವಳು ಅದನ್ನು ಒರೆಸಿಕೊಳ್ಳಲಿಲ್ಲ.