ಒಂಬತ್ತನೆಯ ಕಂಪ್ಯೂಟರಿನಲ್ಲಿದ್ದ ಮೆಣಸಗಿ

"ನಿಲ್ಲಸ್ರಿ! ಮೊದ್ಲ ಅದನ್ನ ನಿಲ್ಲಸ್ರಿ!"

ನಾಜಮೀನ ಬಾಗಿಲಲ್ಲೇ ಕೂಗಿದಳು. ರೋಣದ ಆ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಅವಳು ಶಿಕ್ಷಕಿ. ಒಳಗೆ ಇಪ್ಪತ್ತೂ ಪರದೆಗಳು ಒಟ್ಟಿಗೇ ನೀಲಿಯಾಗಿದ್ದವು!

ನರಗುಂದದಿಂದ ರಿಪೇರಿಗೆ ಬಂದಿದ್ದ ಮುಜಫ್ಫರ ಗಾಬರಿಯಿಂದ ಎದ್ದ.

"ಯಾಕ್ರಿ ಮೇಡಂ? ಎಲ್ಲಾ ಒಂದ ನಮೂನಿ ಮಷಿನ್. ಒಂದೊಂದಕ್ಕ ಸಿಡಿ ಹಾಕ್ಕೋಂತ ಕುಂತ್ರ ಮೂರು ದಿನಾ ಬೇಕ್ರಿ. ಅವು ಕೇಳೋದಕ್ಕೆಲ್ಲಾ ಉತ್ತರ ಮೊದ್ಲ ಬರದಿಟ್ಟೀನಿ. ಸರ್ವರ್‌ನಿಂದ ಎಲ್ಲಾದಕ್ಕೂ ಹಳೇದು ಅಳಿಸಿ ಹೊಸಾ ವಿಂಡೋಸ್ ತಾನ ಹೋಗತೈತಿ."

"ಒಂಬತ್ತನೇದ್ರಾಗ ಮೆಣಸಗಿ ಐತ್ರಿ...!"

ಅವಳ ದನಿ ಒಡೆಯಿತು. ಮಲಪ್ರಭೆಯ ನೆರೆ ಇಳಿದು ವಾರವಾಗಿತ್ತಷ್ಟೆ. ಪರಿಹಾರ ಕೇಂದ್ರದಲ್ಲಿ ಕೂತು, ಮೆಣಸಗಿ ಊರಿನಲ್ಲಿ ಮನೆ ಕಳೆದುಕೊಂಡ ನಲವತ್ತೊಂದು ಕುಟುಂಬಗಳ ವಿವರ ಬರೆದು ತಂದು ಟೈಪ್ ಮಾಡಿದ್ದಳು. ತೊಯ್ದ ಹಾಳೆಗಳನ್ನು ಎಸೆದಿದ್ದಳು. ಸೋಮವಾರ ಪಟ್ಟಿ ಕೊಟ್ಟರೆ ಮಾತ್ರ ಅವರಿಗೆ ತಗಡಿನ ಶೆಡ್ಡು!

"ಎಲ್ಲಾ ಖಾಲಿ ಅದಾವ ಅಂದ್ರು ನಿಮ್ಮ ಸೆಂಟರಿನ ಸರ್..." ಮುಜಫ್ಫರನ ಮುಖ ಬಿಳಿಚಿತು. ವೈರು ಕಿತ್ತ. ತಡವಾಗಿತ್ತು. ಸಂಜೆಯವರೆಗೂ ಹುಡುಕಿದ. ಒಂದು ಹೆಸರೂ ಮರಳಲಿಲ್ಲ.

'ನಾನೂ ಇನ್ನೊಂದು ಪ್ರತಿ ಇಡಲಿಲ್ಲವಲ್ಲ...' ನಾಜಮೀನ ಅವನೆದುರೇ ಕೈಚೆಲ್ಲಿ ಕುಳಿತು ಅತ್ತಳು.

ಮರುದಿನ ಶನಿವಾರ ಅವನು ಬರಲಿಲ್ಲ. ಫೋನ್ ಸ್ವಿಚ್ ಆಫ್. 'ಓಡಿಹೋದ!' ಅಂದುಕೊಂಡಳು. ತಾನೇ ಬಸ್ಸಿಗೆ ಮೆಣಸಗಿಗೆ ಹೋಗೋಣವೆಂದರೆ ಅಮ್ಮ ಸುಗರಾಗೆ ಸುಡುವ ಜ್ವರ, ಬಿಟ್ಟು ಹೋಗುವಂತಿರಲಿಲ್ಲ. ಎರಡು ದಿನ ನೆನಪಿದ್ದ ಹೆಸರುಗಳನ್ನು ಬರೆಯುತ್ತಾ ಅತ್ತಳು. ಹನ್ನೊಂದಕ್ಕೇ ನಿಂತಿತು.

ಭಾನುವಾರ ಸಂಜೆ ಮನೆಯ ಬಾಗಿಲು ಬಡಿದ ಸದ್ದು. ಮೊಣಕಾಲವರೆಗೆ ಕೆಸರು, ಕೈಯಲ್ಲಿ ನೋಟ್‌ಬುಕ್... ಮುಜಫ್ಫರ!

"ಮೆಣಸಗ್ಯಾಗ ಕರೆಂಟ್ ಇಲ್ರಿ, ಫೋನ್ ಸತ್ತಿತ್ತು. ಮೂವತ್ತೆಂಟು ಮನಿ ಬರಕೊಂಡ್ ಬಂದೀನಿ. ಮೂರು ಮನಿಯವ್ರು ಎಲ್ಲಿಗೆ ಹೋಗ್ಯಾರೋ... ಯಾರಿಗೂ ಗೊತ್ತಿಲ್ರಿ."

ಅವನು ನೋಟ್‌ಬುಕ್ ಚಾಚಿದ. ಅವಳು ತನ್ನ ಪಟ್ಟಿಯನ್ನು ಪಕ್ಕಕ್ಕಿಟ್ಟು ಹೋಲಿಸಿದಳು. ಆ ಮೂರು ಮನೆಯವರ ಹೆಸರು ಅವಳ ಹನ್ನೊಂದರಲ್ಲೂ ಇರಲಿಲ್ಲ.

"ನಾ ನಿಮ್ಮನ್ನ ಓಡಿಹೋದ್ರು ಅಂದ್ಕೊಂಡಿದ್ದೆ..."

"ಓಡಬೇಕಂತ ಅನಿಸ್ತು ಖರೇ. ಆದ್ರ ಆವತ್ತು ನೀವು ಅತ್ತದ್ದು ಕಣ್ಣಾಗ ಕುಂತಬಿಟ್ಟೈತ್ರಿ. ನಿಮ್ಮನ್ನ ಬಿಟ್ಟು ಇನ್ನ ಎಲ್ಲಿಗೂ ಹೋಗಾಕ ಆಗಂಗಿಲ್ಲ ನಂಗ."

ನಾಜಮೀನ ತುಂಬಿದ ಕಣ್ಣೆತ್ತಿದಳು.

"ಆ ಮೂರು ಮನಿ ಸಿಗಲಿಲ್ಲಂದ್ರ?"

"ಹುಡಕೋಂತ ಇರೋಣ್ರಿ... ಇಬ್ರೂ."

"ಹೂಂ," ಎಂದಳು. "ಮೊದ್ಲ ಒಳಗ ಬರ್ರಿ. ಕಾಲು ತೊಳಕೊಳ್ಳಾಕ ನೀರು ಕೊಡ್ತೀನಿ."