ಅಂಜಿನವ್ವನ ಕೊಸರು

ಅಂಜಿನವ್ವನ ಭಟ್ಟಿಯಲ್ಲಿ ಮಂಡಕ್ಕಿ ಬೇಕಾದಷ್ಟು ಕೊಂಡುಕೋ, ಕೊಸರು ಮಾತ್ರ ಕೇಳಬೇಡ ಎಂದು ಅತ್ತೆ ಮರುಳಸಿದ್ದಮ್ಮ ಹೇಳಿದಾಗ ಉಮಾಮಹೇಶ್ವರಿ ನಕ್ಕುಬಿಟ್ಟಳು.

ನಗದೆ ಏನು ಮಾಡಿಯಾಳು? ಕೊಲಂಬೊದಲ್ಲಿ ಹುಟ್ಟಿ, ಅಪ್ಪನ ಬಟ್ಟೆ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಬೆಳೆದವಳು. ಮನೆಯೊಳಗಿನ ಕನ್ನಡ ಒಂದನ್ನು ಬಿಟ್ಟರೆ ದಾವಣಗೆರೆ ಅವಳಿಗೆ ಪರದೇಶವೇ. ಮಗಳು ಕಸ್ತೂರಿಯನ್ನು ತನ್ನ ತಾಯಿಗೆ ತೋರಿಸಲೆಂದು ಗಂಡ ವಾಮದೇವಪ್ಪ ಮೊದಲ ಸಲ ಇವರನ್ನು ದಾವಣಗೆರೆ ಪಕ್ಕದ ಶಾಮನೂರಿಗೆ ಕರೆತಂದಿದ್ದ. ಮರಳಿ ಹಡಗು ಹತ್ತುವ ಮುಂಚೆ ಇಡೀ ಪೇಟೆಯನ್ನೇ ಕಟ್ಟಿಕೊಂಡು ಹೋಗುವವಳಂತೆ ಅವಳು ದಿನವೂ ಚೀಲ ಹಿಡಿದು ಹೊರಡುತ್ತಿದ್ದಳು. ಕಂಬಳಿ, ಗಾಜಿನ ಬಳೆ, ಹಿತ್ತಾಳೆ ಗಿಂಡಿ. ಕಾಳಿನವನ ಹತ್ತಿರ ಅಳತೆಯ ಮೇಲೊಂದು ಹಿಡಿ ಕೊಸರು, ಹೂವಿನವಳ ಹತ್ತಿರ ಮೊಳದ ಮೇಲೊಂದು ಗೇಣು ಕೊಸರು. ಕೊಸರಿಲ್ಲದೆ ಅಂಗಡಿಯ ಮೆಟ್ಟಿಲಿಳಿದರೆ ಅವಳಿಗೆ ಸೋತು ಬಂದಂತೆ.

ಅತ್ತೆ ಕಾರಣವನ್ನೂ ಹೇಳಿದ್ದರು. ಹಿಂದೆ ಬರ ಬಿದ್ದ ವರ್ಷ ಅಂಜಿನವ್ವ ಇದ್ದಬದ್ದ ಮಂಡಕ್ಕಿಯನ್ನೆಲ್ಲ ಅಳೆದು ಮಾರಿ, ಹಸಿದ ಮಗಳಿಗೆಂದು ತಳದಲ್ಲಿ ಒಂದು ಹಿಡಿ ಉಳಿಸಿಕೊಂಡಿದ್ದಳಂತೆ. ಕೊಂಡವರು ಅದನ್ನೂ ಕೊಸರೆಂದು ಬಳಿದುಕೊಂಡು ಹೋದರು. ಮಗಳು ಉಳಿಯಲಿಲ್ಲ. ಆಮೇಲೆ ಯಾವ ಸುಡುಗಾಡಿನ ವಿದ್ಯೆ ಕಲಿತಳೋ, ಕೇಳಿದವರಿಗೆ ಅವಳು ಕೊಸರು ಕೊಡುತ್ತಾಳೆ, ಆದರೆ ಕೊಡುವುದು ಮಂಡಕ್ಕಿಯಲ್ಲ ಎಂದರು.

“ಒಳ್ಳೇ ಉಪಾಯ ಅತ್ತೆ. ಹೆದರಿಸಿ ಹಿಡಿ ಹಿಡಿ ಉಳಿಸ್ಕೊಳ್ತಾಳೆ,” ಎಂದು ಉಮಾ ಮಗಳ ಕೈ ಹಿಡಿದು ಕುತುಬುದ್ದೀನನ ಟಾಂಗಾ ಹತ್ತಿದಳು.

ಭಟ್ಟಿ ಇದ್ದದ್ದು ಹತ್ತಿ ಗಿರಣಿಯ ಗೋಡೆಯ ಹಿಂದೆ. ತಗ್ಗಾದ ಸೂರು, ಹಗಲಲ್ಲೂ ಒಳಗೆ ಕತ್ತಲು. ಕಾದ ಮರಳಿನ ವಾಸನೆ, ಹೊಟ್ಟು ಉರಿದ ಹೊಗೆ, ಬಾಣಲೆಯಲ್ಲಿ ಅಕ್ಕಿ ಅರಳುವ ಚಟಪಟ. ಬೆಂಕಿಯ ಎದುರು ಕೂತಿದ್ದ ಮುದುಕಿ ಸೇರು ತುಂಬಿ, ಅಂಗೈಯಿಂದ ಮಟ್ಟ ಮಾಡಿ ಚೀಲಕ್ಕೆ ಸುರಿದಳು. ಉಮಾ ಚೀಲದ ಬಾಯಿ ಮುಚ್ಚಲಿಲ್ಲ.

“ಕೊಸರು ಹಾಕವ್ವ.”

“ಬ್ಯಾಡ ತಾಯಿ. ಅಳತೆ ಸರಿಯಾಗೈತೆ.”

“ಮಗು ಎದುರಿಗೆ ನಿಂತಿದ್ರೂ ಕೈ ಬರಲ್ವಾ ನಿಂಗೆ?”

ಬಾಣಲೆಯ ಸದ್ದು ನಿಂತಿತು. ಮುದುಕಿ ಕಸ್ತೂರಿಯನ್ನೇ ಬಹಳ ಹೊತ್ತು ನೋಡಿದಳು. ಬೊಗಸೆ ತುಂಬಿಕೊಂಡಳು. ತುಟಿಗಳು ಅಲ್ಲಾಡಿದವು. ಚೀಲಕ್ಕೆ ಹಾಕಲಿಲ್ಲ, ಹುಡುಗಿಯ ಲಂಗದ ಮಡಿಲಿಗೆ ಸುರಿದಳು. ಬಿದ್ದ ಸದ್ದೇ ಆಗಲಿಲ್ಲ.

ಗೆದ್ದವಳಂತೆ ಉಮಾ ಟಾಂಗಾದಲ್ಲಿ ಕೂತಳು. ಆಷಾಢದ ಗಾಳಿ ದೂಳೆಬ್ಬಿಸುತ್ತಿತ್ತು. ಮೋಡ ಮುಚ್ಚಿ, ಟಾಂಗಾದ ಕಮಾನಿನ ಒಳಗೆ ಮಬ್ಬು. ಕಸ್ತೂರಿ ಮಂಡಕ್ಕಿ ಮುಕ್ಕುತ್ತಿದ್ದ ಕುರುಕುರು ಕೇಳಿಸುತ್ತಿತ್ತು. ಎರಡು ಬಾಯಿಯ ಕುರುಕುರು. ಕಿವಿಯ ಭ್ರಮೆ ಎಂದುಕೊಂಡಳು. ಮಗಳ ಮಡಿಲ ಕಡೆ ನೋಡಿದಳು. ಅಲ್ಲಿ ಒಂದು ಪುಟ್ಟ ಕೈ ಆಡುತ್ತಿತ್ತು. ಇನ್ನೊಂದು. ಮತ್ತೊಂದು.

ಕುದುರೆ ಬೆಚ್ಚಿ ನಿಂತಿತು. ಕುತುಬುದ್ದೀನ್ ಹಿಂತಿರುಗಿ ನೋಡಿದ.

“ಅಮ್ಮಾ, ಹತ್ತುವಾಗ ಒಂದೇ ಕೂಸು ಇತ್ತಲ್ರೀ?”

ಮನೆಯ ಮುಂದೆ ಎರಡು ಕಸ್ತೂರಿಯರು ಇಳಿದರು. ಅದೇ ಲಂಗ, ಗಲ್ಲದ ಮೇಲೆ ಅದೇ ಮಚ್ಚೆ. ಇಬ್ಬರೂ ಅವಳ ಸೆರಗನ್ನೇ ಹಿಡಿದು ಅಮ್ಮಾ ಎಂದರು. ಮರುಳಸಿದ್ದಮ್ಮ ಹೊಸ್ತಿಲಲ್ಲೇ ಕುಸಿದು, ಕೊರಳ ಲಿಂಗ ಹಿಡಿದುಕೊಂಡರು. ಎಡಗಡೆಯದು ನಮ್ಮದಲ್ಲ ಎಂದ ವಾಮದೇವಪ್ಪ. ಅದು ಅಪ್ಪಾ ಎಂದು ಅಳತೊಡಗಿದಾಗ, ಇಲ್ಲ, ಬಲಗಡೆಯದು ನಮ್ಮದಲ್ಲ ಎಂದ. ಆಮೇಲೆ ಮುಖ ಮುಚ್ಚಿಕೊಂಡ.

ಉಮಾ ಒಬ್ಬಳನ್ನು ಎತ್ತಿಕೊಂಡಳು. ಮಂಡಕ್ಕಿ ಚೀಲ ಎತ್ತಿದಷ್ಟು ಹಗುರ. ಇನ್ನೊಬ್ಬಳನ್ನು ಎತ್ತಿದಳು. ಅವಳೂ ಅಷ್ಟೇ. ಇಬ್ಬರನ್ನೂ ಕೆಳಗಿಳಿಸಿದಳು. ಒಂದು ಗಾಳಿ ಬೀಸಿತು, ಇಬ್ಬರ ಪಾದಗಳೂ ನೆಲ ಬಿಟ್ಟು ತೂಗಾಡಿದವು. ತನ್ನ ಮಗಳು ಕಣ್ಣೆದುರೇ ಸವೆಯುತ್ತಿದ್ದಾಳೆಂದು ಅವಳಿಗೆ ಅರ್ಥವಾಯಿತು.

ಅವಳು ಅಳಲಿಲ್ಲ. ಗಂಡನನ್ನು ಬಾ ಎಂದೂ ಕರೆಯಲಿಲ್ಲ. ಇಬ್ಬರನ್ನೂ ಒಂದೇ ಸೆರಗಿನಲ್ಲಿ ಸುತ್ತಿ, ಸೊಂಟಕ್ಕೆ ಬಿಗಿದುಕೊಂಡು ಮತ್ತೆ ಟಾಂಗಾ ಹತ್ತಿದಳು.

ಭಟ್ಟಿಯಲ್ಲಿ ಮುದುಕಿ ಕಾಯುತ್ತಿದ್ದಳು.

“ಕೊಸರು ಯಾವುದು ಹೇಳು. ಅದನ್ನ ಇಲ್ಲಿ ಬಿಟ್ಟು ಹೋಗು.”

“ಎರಡೂ ನನ್ನನ್ನೇ ಅಮ್ಮ ಅಂತಾವೆ. ಬಿಡಲ್ಲ.”

“ಒಂದು ಜೀವದ ತೂಕ ಎರಡಕ್ಕೆ ಸಾಲಂಗಿಲ್ಲ. ದೀಪ ಹಚ್ಚೋದ್ರಾಗ ಗಾಳಿಗೆ ಹೋಗ್ತಾವೆ.” ಮುದುಕಿ ಬೆಂಕಿಗೆ ಹೊಟ್ಟು ತಳ್ಳಿದಳು. “ಬಂದೋರೆಲ್ಲ ಒಂದನ್ನ ಬಿಟ್ಟೇ ಹೋದ್ರು. ತಮ್ಮದನ್ನೇ ಬಿಟ್ಟು ಹೋದೋರೂ ಅದಾರೆ.”

ಗೋಡೆಯ ಕಡೆ ಕತ್ತಲಲ್ಲಿ ಏನೋ ಸರಿದಾಡಿತು. ಪುಟ್ಟ ಪುಟ್ಟ ಉಸಿರು. ಬೂದಿಯ ವಾಸನೆ. ಉಮಾ ಅತ್ತ ನೋಡಲಿಲ್ಲ. ಮುದುಕಿಯ ಪಕ್ಕದಲ್ಲಿದ್ದ ಸೇರನ್ನು ಎತ್ತಿ ಅವಳ ಕೈಗೇ ತುರುಕಿದಳು.

“ಕಡಿಮೆ ಬಿದ್ದ ತೂಕಾನ ನನ್ನಿಂದ ಅಳ್ಕೋ.”

ಮುದುಕಿಯ ಕೈ ಗಾಳಿಯಲ್ಲೇ ನಿಂತಿತು. ಇಂಥ ಚೌಕಾಸಿಯನ್ನು ಆ ಭಟ್ಟಿ ಕಂಡಿರಲಿಲ್ಲ.

“ಮತ್ತೆ ವಾಪಸ್ ಬರಲ್ಲ ಅದು.”

“ಅಳೀ ಅಂದೆ.”

ಸೇರು ಅವಳ ಎದೆಗೆ ತಾಗಿತು. ತಣ್ಣಗಿತ್ತು. ಮುದುಕಿ ಮೊಗೆದಳು. ಸೇರು ಖಾಲಿ, ಆದರೂ ಅವಳ ಮುಂಗೈ ಭಾರಕ್ಕೆ ಬಾಗಿತು. ಒಂದು ಮಗುವಿನ ತಲೆಯ ಮೇಲೆ ಸುರಿದಳು. ಮತ್ತೆ ಮೊಗೆದಳು. ಇನ್ನೊಂದರ ಮೇಲೆ ಸುರಿದಳು. ಉಮಾಳ ಮೂಳೆಗಳೊಳಗೆ ಗಾಳಿ ನುಗ್ಗಿತು. ಹಲ್ಲು ಕಚ್ಚಿದಳು. ಮುದುಕಿ ಮತ್ತೆ ಮೊಗೆದಳು. ಬಳೆಗಳು ಮಣಿಕಟ್ಟು ದಾಟಿ ಜಾರಿದವು. ಮತ್ತೆ. ಕಣ್ಣು ಕತ್ತಲಿಟ್ಟಿತು. ಮತ್ತೆ. ಮಕ್ಕಳ ಪಾದಗಳು ಬೂದಿಯಲ್ಲಿ ಗುರುತು ಮೂಡಿಸಿದವು. ಅವಳ ಪಾದದ ಕೆಳಗಿನ ಬೂದಿ ಮಾತ್ರ ಕದಲಲಿಲ್ಲ.

ಸೇರು ಕೆಳಗೆ ಬಿತ್ತು. ಮುದುಕಿ ಒಬ್ಬಳ ಗಲ್ಲ ಮುಟ್ಟಲು ಕೈ ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು.

“ಹೊಟ್ಟೆ ತುಂಬ ಹಾಕು ತಾಯಿ,” ಎಂದಳು. ಯಾವಳಿಗೆ ಎಂದು ಹೇಳಲಿಲ್ಲ.

ಊರು ಬಿಡುವ ಮುಂಚೆ ಹರಿಹರೇಶ್ವರನಿಗೆ ಹಣ್ಣುಕಾಯಿ ಮಾಡಿಸಲೇಬೇಕೆಂದು ಮರುಳಸಿದ್ದಮ್ಮ ಹಟ ಹಿಡಿದರು. ಪೂಜೆ ಮುಗಿಸಿ ಹೊಳೆ ನೋಡಲೆಂದು ಸೇತುವೆಯ ಮೇಲೆ ಬಂದರು. ತುಂಗಭದ್ರೆ ಕೆಂಪಾಗಿ, ಎರಡೂ ದಡ ತಾಗಿ ಹರಿಯುತ್ತಿತ್ತು. ನಡುಸೇತುವೆಯಲ್ಲಿ ಗಾಳಿ ಹೊಡೆಯಿತು. ಉಮಾಳ ಹಿಮ್ಮಡಿ ಕಲ್ಲು ಬಿಟ್ಟಿತು, ಆಮೇಲೆ ಬೆರಳ ತುದಿಯೂ ಬಿಟ್ಟಿತು. ವಾಮದೇವಪ್ಪ ಓಡಿಬಂದ. ನೀವು ಬೇಡ ಎಂದು ಅವನನ್ನು ಕಣ್ಣಿನಲ್ಲೇ ತಡೆದಳು.

“ಗಟ್ಟಿಯಾಗಿ ಹಿಡ್ಕೊಳ್ರೇ,” ಎಂದಳು ಮಕ್ಕಳಿಗೆ.

ಎರಡೂ ಕಡೆಯಿಂದ ಪುಟ್ಟ ಮುಷ್ಟಿಗಳು ಅವಳನ್ನು ಕೆಳಕ್ಕೆ ಜಗ್ಗಿದವು. ಪಾದ ಕಲ್ಲಿಗೆ ತಾಗಿತು. ಅವಳು ಗಾಳಿಗೆ ಮುಖ ಕೊಟ್ಟು ನಡೆದಳು. ಕಸ್ತೂರಿಯ ಕೈ ಯಾವುದೆಂದು ಬಗ್ಗಿ ನೋಡಲಿಲ್ಲ.